ಗುಂಡಿ ಖಾಲಿ ಮಾಡಿಸ್ಬೇಕಾ? ಯಾರನ್ನೂ ಒಳಗಿಳಿಸ್ದೆ ಮಾಡಿಸೋದು ಹೇಗೆ: ಸೆಪ್ಟಿಕ್ ಟ್ಯಾಂಕ್, ಪಿಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಇರೋರಿಗೆ ಸಮಗ್ರ ಮಾರ್ಗದರ್ಶಿ

ಟಾಯ್ಲೆಟ್ಟಲ್ಲಿ ನೀರು ಗುಳುಗುಳು ಅಂತ ನಿಧಾನಕ್ಕೆ ಇಳಿಯೋಕೆ ಶುರುವಾಗುತ್ತೆ, ಹಿತ್ಲಲ್ಲಿ ವಾಸ್ನೆ, ಆಮೇಲೆ ಒಂದಿನ ಬಾತ್‌ರೂಮ್ ಜಾಲರೀಲಿ ನೀರು ಮೇಲಕ್ಕೆ ಬರುತ್ತೆ. ಮನೆಗೊಂದು ಸೆಪ್ಟಿಕ್ ಟ್ಯಾಂಕ್ ಇದೆ ಅಂತ ಬಹಳ ಜನಕ್ಕೆ ನೆನಪಾಗೋದೇ ಆವಾಗ, ಅದೂ ಮನೇಲಿ ನಾಮಕರಣನೋ ಹಬ್ಬನೋ ಇಟ್ಕೊಂಡಾಗ್ಲೇ. ಅರ್ಜೆಂಟಲ್ಲಿ ಲೈಟ್ ಕಂಬದ ಮೇಲಿರೋ ನಂಬರಿಗೆ ಫೋನ್ ಹಾಕ್ತೀವಿ, ಒಂದಷ್ಟು ಚೌಕಾಸಿ ಮಾಡ್ತೀವಿ, ಲಾರಿ ಬರುತ್ತೆ, ನಾವು ಮೂಗು ಮುಚ್ಕೊಂಡು ಒಳಗೋಗಿ ಬಾಗ್ಲು ಹಾಕ್ಕೋತೀವಿ.

ಹೊರಗೆ ನಡೆಯೋದು ಇದು. ಮುಕ್ಕಾಲು ಭಾಗ ನೀರು ಎಳೆದ ಮೇಲೆ ಪೈಪು ಬರೀ ಗಾಳಿ ಎಳೆಯೋಕೆ ಶುರು ಮಾಡುತ್ತೆ, ತಳದಲ್ಲಿ ಗಟ್ಟಿ ಹೂಳು ಹಾಗೇ ಕೂತಿರುತ್ತೆ. ಲಾರಿಯವನು ಬಂದು "ಸಾರ್, ಕೆಳಗೆ ಗಟ್ಟಿ ಐತೆ, ಹುಡುಗುನ್ನ ಇಳಿಸಿ ತೆಗೆಸ್ತೀನಿ, ಏನಾದ್ರೂ ಜಾಸ್ತಿ ನೋಡ್ಕಳಿ" ಅಂತಾನೆ. ನಾವು "ಹೂಂ, ಪೂರ್ತಿ ಕ್ಲೀನ್ ಮಾಡಿ" ಅಂತೀವಿ. ಪೇಪರಲ್ಲಿ ಆಗಾಗ ಬರೋ "ಮಲದ ಗುಂಡಿಗೆ ಇಳಿದ ಇಬ್ಬರ ಸಾವು" ಅನ್ನೋ ಸುದ್ದಿಗಳ ಹಿಂದೆ ಇಂಥದ್ದೊಂದು "ಹೂಂ" ಇದ್ದೇ ಇರುತ್ತೆ ಅನ್ನೋದು ನನ್ನ ಅಭಿಪ್ರಾಯ. ಆ ಹೂಂ ಹೇಳೋ ಪ್ರಸಂಗನೇ ಬರದ ಹಾಗೆ ಮುಂಚೇನೇ ಏನೇನು ಮಾಡ್ಕೋಬೇಕು ಅಂತ ಒಂದೊಂದಾಗಿ ಬರೀತೀನಿ, ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಕೊಳ್ಳಿ.

ಮೊದ್ಲು ಇದು ತಿಳ್ಕೊಳ್ಳಿ: ಒಳಗೆ ಇರೋದು ಏನು

ಗುಂಡೀಲಿ ಮಲ ಕೊಳೆಯೋವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಎಲ್ಲಾ ಹುಟ್ಟುತ್ತೆ. ಇದ್ರಲ್ಲಿ ಕೊಲ್ಲೋದು ಮುಖ್ಯವಾಗಿ ಮೊದಲನೇದು. ಕೊಳೆತ ಮೊಟ್ಟೆ ವಾಸ್ನೆ ಬರುತ್ತಲ್ಲ, ಅದೇ. ಆದ್ರೆ ಇದ್ರ ಮೋಸ ಏನಪ್ಪಾ ಅಂದ್ರೆ, ಗಾಳೀಲಿ ಸುಮಾರು 100 ಪಿಪಿಎಂ (ಅಂದ್ರೆ ಹತ್ತು ಲಕ್ಷ ಪಾಲಲ್ಲಿ ನೂರು ಪಾಲು) ದಾಟಿದ್ರೆ ಮೂಗಿನ ಶಕ್ತಿನೇ ಹೋಗ್ಬಿಡುತ್ತೆ, ವಾಸ್ನೆ ಗೊತ್ತಾಗಲ್ಲ. ಇಳಿದವನು "ವಾಸ್ನೆ ಕಮ್ಮಿ ಆಯ್ತು" ಅನ್ಕೋತಾನೆ, ಅಷ್ಟರಲ್ಲಿ ಗ್ಯಾಸ್ ಜಾಸ್ತಿ ಆಗಿರುತ್ತೆ. 500 ದಾಟಿದ್ರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತೆ, 1000ದ ಹತ್ರ ಹೋದ್ರೆ ಒಂದೆರಡು ಉಸಿರು ಸಾಕು. ಗಾಳಿಗಿಂತ ಭಾರ ಇರೋದ್ರಿಂದ ತಳದಲ್ಲೇ ಕೂತಿರುತ್ತೆ, ಅದಕ್ಕೇ ಮುಚ್ಚಳದ ಹತ್ರ ಬಗ್ಗಿ ನೋಡಿ ಏನೂ ಆಗ್ಲಿಲ್ಲ ಅಂದ್ರೆ ಅದಕ್ಕೆ ಅರ್ಥ ಇಲ್ಲ.

"ಬೆಳಿಗ್ಗೆನೇ ಮುಚ್ಚಳ ತೆಗೆದಿಟ್ಟಿದ್ವಿ, ಗ್ಯಾಸೆಲ್ಲ ಹೋಗಿದೆ" ಅಂತ ಹೇಳೋರಿದಾರೆ. ಹೋಗಿರೋದು ಮೇಲಿಂದು ಅಷ್ಟೇ. ಹೂಳಿನ ಒಳಗೆ ಸಿಕ್ಕಾಕ್ಕೊಂಡಿರೋ ಗ್ಯಾಸು ಯಾರಾದ್ರೂ ಕಾಲಿಟ್ಟು ಅಥವಾ ಸನಿಕೆ ಹಾಕಿ ಕಲಕಿದ ತಕ್ಷಣ ಗುಳ್ಳೆಗುಳ್ಳೆಯಾಗಿ ಒಟ್ಟಿಗೇ ಏಳುತ್ತೆ. ಮುಖಕ್ಕೆ ಕಟ್ಕೊಳ್ಳೋ ಬಟ್ಟೆ, ಸರ್ಜಿಕಲ್ ಮಾಸ್ಕು, ಎನ್95, ಇದ್ಯಾವುದೂ ಗ್ಯಾಸ್ ತಡೆಯಲ್ಲ, ಅವು ಧೂಳಿಗೆ. ಇನ್ನು ಬೆಂಕಿಕಡ್ಡಿ ಗೀರಿ ಒಳಗೆ ಹಿಡಿದು "ಆರಲ್ಲ, ಆಕ್ಸಿಜನ್ ಇದೆ" ಅಂತ ಟೆಸ್ಟ್ ಮಾಡೋರು ಇದಾರಲ್ಲ, ಗಾಳೀಲಿ ಮೀಥೇನ್ 5ರಿಂದ 15 ಪರ್ಸೆಂಟ್ ಇದ್ರೆ ಅದು ಸಿಡಿಯುತ್ತೆ, ದಯವಿಟ್ಟು ಬೇಡ. ಬೀಡಿ ಸಿಗರೇಟು ಕೂಡ ಅಲ್ಲಿ ಸುತ್ತಮುತ್ತ ಬೇಡ.

ಕಾನೂನು ಏನನ್ನುತ್ತೆ, ಚಿಕ್ಕದಾಗಿ

2013ರಲ್ಲಿ ಬಂದ ಮ್ಯಾನುಯಲ್ ಸ್ಕ್ಯಾವೆಂಜಿಂಗ್ (ಮನುಷ್ಯರ ಕೈಯಿಂದ ಮಲ ಬಾಚಿಸೋದು) ನಿಷೇಧ ಕಾಯ್ದೆ ಕಾರ್ಪೊರೇಷನ್‌ಗೆ, ಕಂಟ್ರಾಕ್ಟರಿಗೆ ಮಾತ್ರ ಅಲ್ಲ. ಅದ್ರ 7ನೇ ಸೆಕ್ಷನ್ ಪ್ರಕಾರ ಯಾವುದೇ ವ್ಯಕ್ತಿ, ನೇರವಾಗ್ಲಿ ಪರೋಕ್ಷವಾಗ್ಲಿ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಇನ್ನೊಬ್ಬರನ್ನ ಇಳಿಸೋ ಹಾಗಿಲ್ಲ. ಯಾವುದೇ ವ್ಯಕ್ತಿ ಅಂದ್ರೆ ಮನೆ ಓನರ್ರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನು, ಪಿಜಿ ನಡೆಸೋರು, ಹೋಟ್ಲು, ಕಲ್ಯಾಣ ಮಂಟಪ ಎಲ್ಲಾ ಬಂತು. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದ್ರೆ 5 ವರ್ಷ, 5 ಲಕ್ಷ, ಮತ್ತೆ ಇದು ಜಾಮೀನು ರಹಿತ ಅಪರಾಧ. ಜೀವ ಹೋದ್ರೆ ನಿರ್ಲಕ್ಷ್ಯದ ಸಾವಿನ ಕೇಸು ಬೇರೆ ಬೀಳುತ್ತೆ. ಪರಿಶಿಷ್ಟ ಜಾತಿ, ಪಂಗಡದವರನ್ನ ಮಲ ಬಾಚೋ ಕೆಲ್ಸಕ್ಕೆ ಹಚ್ಚೋದು ದೌರ್ಜನ್ಯ ತಡೆ ಕಾಯ್ದೆ ಕೆಳಗೂ ಅಪರಾಧ. ಲಾರಿ ಬಂದಾಗ ಹಗ್ಗ ಹಿಡ್ಕೊಂಡು ಇಳಿಯೋಕೆ ನಿಲ್ಲೋ ಹುಡುಗ ಯಾವ ಕೇರಿಯಿಂದ ಬಂದಿರ್ತಾನೆ ಅಂತ ಎಲ್ರಿಗೂ ಗೊತ್ತು, ಬಾಯಿ ಬಿಟ್ಟು ಮಾತ್ರ ಯಾರೂ ಹೇಳಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿ ಸುಮಾರು ಐವತ್ತು ವರ್ಷ ಆಯ್ತು, ತಲೆಯಿಂದ ಇಳೀತು ಸರಿ, ಆದ್ರೆ ಗುಂಡಿಗೆ ಇಳಿಯೋದು ನಿಂತಿಲ್ಲ.

ಸುಪ್ರೀಂ ಕೋರ್ಟು 2014ರಲ್ಲಿ ಇಂಥ ಸಾವಿಗೆ 10 ಲಕ್ಷ ಪರಿಹಾರ ಅಂದಿತ್ತು, 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷ ಮಾಡ್ತು, ಶಾಶ್ವತ ಅಂಗವೈಕಲ್ಯ ಆದ್ರೆ 20 ಲಕ್ಷ. 2025ರ ಜನವರಿ 29ಕ್ಕೆ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಕೈಯಿಂದ ಚರಂಡಿ ಸ್ವಚ್ಛ ಮಾಡ್ಸೋದು ನಿಲ್ಲಿಸಿ ಅಂತ ಆದೇಶನೂ ಮಾಡ್ತು. ಕಾನೂನಿನ ಮಾತು ಇಷ್ಟು ಸಾಕು, ಕೆಲ್ಸಕ್ಕೆ ಬರೋಣ.

ಹಂತ 1: ತುಂಬಿದೆಯಾ ಅಂತ ತುಂಬೋಕೆ ಮುಂಚೆನೇ ನೋಡಿ

ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಂದ್ಸಲ ಸೆಪ್ಟಿಕ್ ಟ್ಯಾಂಕ್ ಎಳೆಸ್ಬೇಕು. ನಮ್ಮಲ್ಲಿ "ಹದಿನೈದು ವರ್ಷ ಆಯ್ತು, ಇನ್ನೂ ತುಂಬಿಲ್ಲ" ಅಂತ ಹೆಮ್ಮೆಯಿಂದ ಹೇಳ್ಕೊಳ್ಳೋರು ಜಾಸ್ತಿ. ಅಂಥ ಟ್ಯಾಂಕಲ್ಲೇ ಹೂಳು ಕಲ್ಲಿನಂಗೆ ಗಟ್ಟಿಯಾಗಿ ಪೈಪಿಗೆ ಬರದೇ ಇರೋದು, ಅಲ್ಲೇ ಆಳು ಇಳಿಸೋ ಪ್ರಸಂಗ ಬರೋದು. ಟೈಮಿಗೆ ಸರಿಯಾಗಿ ಎಳೆಸಿದ್ರೆ ಹೂಳು ಇನ್ನೂ ತೆಳ್ಳಗಿರುತ್ತೆ, ಪೈಪಲ್ಲೇ ಬಂದ್ಬಿಡುತ್ತೆ.

ನೋಡೋದು ಹೇಗೆ ಅಂದ್ರೆ, ಉದ್ದದ ಬಿದಿರಿಗೆ ಹಳೇ ಬಿಳಿ ಟವೆಲ್ ಸುತ್ತಿ ತಳ ಮುಟ್ಟೋ ತನಕ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ತೆಗೀರಿ. ಕಪ್ಪು ಹೂಳು ಎಲ್ಲಿ ತನಕ ಅಂಟಿದೆ ಅಂತ ಕಾಣುತ್ತೆ, ಆಳದಲ್ಲಿ ಮೂರನೇ ಒಂದು ಭಾಗ ಬಂದಿದ್ರೆ ಎಳೆಸೋ ಟೈಮು. ನಿಂತ್ಕೊಂಡೇ ಮಾಡಿ, ಮುಖ ತೂತಿನ ಮೇಲೆ ಬಗ್ಗಿಸ್ಬೇಡಿ. ಹಳೇ ಕಡಪ ಕಲ್ಲು, ಸ್ಲ್ಯಾಬ್ ಮೇಲೆ ನಿಲ್ಲಲೂಬೇಡಿ, ಒಳಗಡೆ ಗ್ಯಾಸಿಂದ ಕಾಂಕ್ರೀಟ್ ಪುಡಿಪುಡಿ ಆಗಿ ಕಂಬಿ ತುಕ್ಕು ಹಿಡಿದಿರುತ್ತೆ, ಮೇಲಿಂದ ನೋಡಿದ್ರೆ ಗಟ್ಟಿಯಾಗೇ ಕಾಣುತ್ತೆ.

ಹಂತ 2: ಎಷ್ಟು ಲೋಡು ಅಂತ ನೀವೇ ಲೆಕ್ಕ ಹಾಕಿ

ಎಲ್ಲಾ ಜಗಳ ಹುಟ್ಟೋದು ಇಲ್ಲೇ. ಟ್ಯಾಂಕಿನ ಉದ್ದ, ಅಗಲ, ಆಳ ಅಡಿ ಲೆಕ್ಕದಲ್ಲಿ ಗುಣಿಸಿ ಅದನ್ನ 28ರಿಂದ ಗುಣಿಸಿದ್ರೆ ಲೀಟರ್ ಬರುತ್ತೆ. 8 ಅಡಿ ಉದ್ದ, 5 ಅಗಲ, 6 ಆಳ ಇದ್ರೆ 240 ಘನ ಅಡಿ, ಅಂದ್ರೆ ಹತ್ತಿರ ಹತ್ತಿರ 6,700 ಲೀಟರ್. ಲಾರಿ ಟ್ಯಾಂಕು 4,000 ಲೀಟರಿಂದಾದ್ರೆ ಒಂದು ಲೋಡಲ್ಲಿ ಆಗೋ ಮಾತೇ ಅಲ್ಲ, ಎರಡು ಬೇಕೇ ಬೇಕು, ಹೂಳು ಸಡಿಲ ಮಾಡೋಕೆ ನೀರು ಹಾಕಿದ್ರೆ ಮೂರೂ ಆಗ್ಬಹುದು. ಒಂದು ಲೋಡಿನ ರೇಟಿಗೆ ಪೂರ್ತಿ ಖಾಲಿ ಮಾಡ್ಬೇಕು ಅಂತ ಕೂತ್ರೆ ಲಾರಿಯವನು ಉಳಿದಿದ್ದನ್ನ ಬಕೆಟ್ಟಲ್ಲೇ ತೆಗೀಬೇಕು, ಬಕೆಟ್ ಹಿಡಿಯೋಕೆ ಒಬ್ಬ ಒಳಗಿರ್ಬೇಕು. ಅದಕ್ಕೆ ಲೋಡಿನ ಲೆಕ್ಕದಲ್ಲೇ ಮಾತಾಡಿ, "ಪೂರ್ತಿ ಕ್ಲೀನಿಗೆ ಇಷ್ಟು" ಅಂತ ಗುತ್ತಿಗೆ ಮಾತಾಡ್ಬೇಡಿ.

ಇನ್ನೊಂದು, ಯುಜಿಡಿ (ನೆಲದಡಿಯ ಒಳಚರಂಡಿ) ಇಲ್ಲದ ಲೇಔಟುಗಳಲ್ಲಿ, ಊರ ಕಡೆ ಸಿಮೆಂಟ್ ರಿಂಗ್ ಇಳಿಸಿ ಮಾಡಿರೋ ಆಳದ ಪಿಟ್ಟುಗಳು 20, 25 ಅಡಿ ಇರುತ್ತೆ. ವ್ಯಾಕ್ಯೂಮ್ ಪಂಪು ಮೇಲೆ ನಿಂತು ಎಳೆಯೋದಕ್ಕೆ ಒಂದು ಮಿತಿ ಇದೆ, ಲೆಕ್ಕದ ಪ್ರಕಾರ ನೀರೇ 10 ಮೀಟರಿಗಿಂತ ಮೇಲೆ ಬರಲ್ಲ, ಹೂಳು, ಪೈಪು, ಲಾರಿ ಎತ್ತರ ಎಲ್ಲಾ ಸೇರಿ ನಿಜವಾಗಿ 20 ಅಡಿ ಆಸುಪಾಸಿಗೇ ಸುಸ್ತಾಗುತ್ತೆ. ಆಳದ ಪಿಟ್ ಇದ್ರೆ ಫೋನಲ್ಲೇ ಹೇಳಿ, ಹಗ್ಗದಲ್ಲಿ ಕೆಳಗೆ ಬಿಡೋ ಸ್ಲಡ್ಜ್ ಪಂಪ್ ಇದ್ರೆ ಮಾತ್ರ ಬನ್ನಿ ಅನ್ನಿ. ಬಂದ ಮೇಲೆ ಹೇಳಿದ್ರೆ ಅವನ ಹತ್ರ ಇರೋದು ಹಗ್ಗ ಮತ್ತೆ ಹುಡುಗ ಅಷ್ಟೇ.

ಹಂತ 3: ಫೋನಲ್ಲಿ ಕೇಳ್ಬೇಕಾದ ಪ್ರಶ್ನೆಗಳು

ಮೊದ್ಲು ನಗರಸಭೆ, ಪುರಸಭೆ, ಪಾಲಿಕೆಯ ಸಕ್ಕಿಂಗ್ ಮಷಿನ್ ಇದೆಯಾ ಕೇಳಿ, ಬಹಳ ಕಡೆ ಫೀಸ್ ಕಟ್ಟಿದ್ರೆ ಬರುತ್ತೆ, ಒಂದೆರಡು ದಿನ ಕಾಯ್ಬೇಕಾಗ್ಬಹುದು. 14420 ಅನ್ನೋ ಸಹಾಯವಾಣಿ ಇದಕ್ಕಂತಲೇ ಇರೋದು. ಪ್ರೈವೇಟ್ ಲಾರಿ ಆದ್ರೆ ಲಾರಿ ಎಷ್ಟು ಲೀಟರು, ಪೈಪ್ ಎಷ್ಟು ಅಡಿ ಇದೆ, ಜೆಟ್ಟಿಂಗ್ (ಪ್ರೆಷರಲ್ಲಿ ನೀರು ಹೊಡೆಯೋ ಪೈಪು) ಇದೆಯಾ, ಎಷ್ಟು ಜನ ಬರ್ತೀರಾ, ಗಮ್‌ಬೂಟು ಗ್ಲೌಸು ಇದೆಯಾ, ಎಲ್ಲಿ ಸುರೀತೀರಾ ಅಂತ ಕೇಳಿ. ಎಲ್ಲಿ ಸುರೀತೀರಾ ಅಂದ್ರೆ ತುಂಬಾ ಜನ ತಡವರಿಸ್ತಾರೆ, ರಾತ್ರಿ ಹೊತ್ತು ರಾಜಕಾಲುವೆಗೆ ಬಿಡೋದು ಗುಟ್ಟೇನಲ್ಲ. ದೇವನಹಳ್ಳೀಲಿ 2015ರಿಂದ ಇದಕ್ಕಂತಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಇದೆ, ಆಮೇಲೆ ಬೇರೆ ಊರುಗಳಲ್ಲೂ ಆಗಿವೆ, ನಿಮ್ಮೂರಿಗೆ ಹತ್ರದ್ದು ಯಾವುದು ಅಂತ ಪುರಸಭೆ ಹೆಲ್ತ್ ಇನ್ಸ್‌ಪೆಕ್ಟರ್ ಹತ್ರ ಕೇಳಿ.

ಕೊನೇಗೆ ಒಂದು ವಾಕ್ಯ ಹೇಳಿ, ಸಾಧ್ಯ ಆದ್ರೆ ವಾಟ್ಸಾಪಲ್ಲೂ ಹಾಕಿ: "ಅಣ್ಣ, ಯಾರೂ ಒಳಗೆ ಇಳಿಯೋ ಹಾಗಿಲ್ಲ, ಮಷಿನಲ್ಲಿ ಎಷ್ಟು ಬರುತ್ತೋ ಅಷ್ಟು, ಇನ್ನೊಂದು ಲೋಡ್ ಬೇಕಾದ್ರೆ ಅದಕ್ಕೂ ದುಡ್ಡು ಕೊಡ್ತೀನಿ."

ಹಂತ 4: ಹಿಂದಿನ ದಿನ ಆಸಿಡ್ ಸುರೀಬೇಡಿ

ಇದನ್ನ ಬೇರೆ ಹೆಡ್ಡಿಂಗ್ ಕೊಟ್ಟು ಬರೀತಿರೋದು ಯಾಕಂದ್ರೆ ಬಹಳ ಮನೇಲಿ "ವಾಸ್ನೆ ಬರ್ಬಾರ್ದು, ಪಾಪ ಅವ್ರಿಗೆ ತೊಂದ್ರೆ" ಅಂತ ಒಳ್ಳೆ ಮನಸ್ಸಿಂದಾನೇ ಆಸಿಡ್ಡು, ಬ್ಲೀಚಿಂಗ್ ಪೌಡರು ಎಲ್ಲಾ ಸುರೀತಾರೆ. ಹೂಳಲ್ಲಿರೋ ಸಲ್ಫೈಡಿಗೆ ಆಸಿಡ್ ಬಿದ್ರೆ ಅದೇ ಹೈಡ್ರೋಜನ್ ಸಲ್ಫೈಡ್ ಇನ್ನೂ ಜೋರಾಗಿ ಬಿಡುಗಡೆ ಆಗುತ್ತೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸು. ಬರೀ ನೀರು ಸಾಕು. ಹೂಳು ಗಟ್ಟಿ ಇದೆ ಅಂತ ಗೊತ್ತಿದ್ರೆ ಲಾರಿ ಬರೋ ಮುಂಚೆ ಒಂದಷ್ಟು ನೀರು ಬಿಟ್ಟು ನೆನೆಯೋಕೆ ಬಿಡಿ.

ಹಂತ 5: ಕೆಲ್ಸ ನಡೆಯೋವಾಗ ಅಲ್ಲೇ ಇರಿ

ಎರಡು ಚೇಂಬರ್ ಇದ್ರೆ ಎರಡರ ಮುಚ್ಚಳನೂ ತೆಗೆಸಿ. ಸಿಮೆಂಟ್ ಹಾಕಿ ಬೆಸೆದಿದ್ರೆ ಹಾರೆಯಿಂದ ಮೀಟ್ತಾರೆ, ಚೂರು ಒಳಗೆ ಬಿದ್ರೆ ಬಿಡಿ, ತೆಗೆಯೋಕೆ ಹೋಗೋದು ಬೇಡ. ಸುತ್ತ ಹಗ್ಗನೋ ಕುರ್ಚಿನೋ ಅಡ್ಡ ಇಟ್ಟು ಮಕ್ಕಳು, ನಾಯಿ ಬರ್ದಂಗೆ ನೋಡ್ಕೊಳ್ಳಿ.

ಪೈಪು ಗಾಳಿ ಎಳೆಯೋಕೆ ಶುರು ಮಾಡಿದ್ಮೇಲೆ ಏನ್ಮಾಡ್ಬೇಕು ಅನ್ನೋದೇ ಅಸಲಿ ವಿಷ್ಯ. ಲಾರಿಗೆ ಎಳ್ಕೊಂಡಿರೋ ನೀರನ್ನೇ ಪ್ರೆಷರಲ್ಲಿ ವಾಪಸ್ ಟ್ಯಾಂಕಿಗೆ ಬಿಟ್ಟು ಹೂಳನ್ನ ಕಲಕಿ ಮತ್ತೆ ಎಳೀಬಹುದು, ಅನುಭವ ಇರೋ ಡ್ರೈವರ್‌ಗಳಿಗೆ ಇದು ಗೊತ್ತಿರುತ್ತೆ, ಟೈಮು ಡೀಸೆಲ್ಲು ಜಾಸ್ತಿ ಅಂತ ಮಾಡಲ್ಲ ಅಷ್ಟೇ. ಜೆಟ್ಟಿಂಗ್ ಇದ್ರೆ ಅದ್ರಲ್ಲಿ ಹೊಡೀಬಹುದು. ಇಲ್ಲಾಂದ್ರೆ ಮೇಲಿಂದಾನೇ ಉದ್ದ ಬಿದಿರಲ್ಲಿ ಕಲಕೋದು, ಕಲಕೋವಾಗ ಗ್ಯಾಸ್ ಏಳುತ್ತೆ, ಗಾಳಿ ಬೆನ್ನಿಗೆ ಬಡಿಯೋ ಹಾಗೆ ದೂರ ನಿಲ್ಲೋಕೆ ಹೇಳಿ. ಇದ್ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ನೀರು ತುಂಬಿಸಿ ಬಿಟ್ಟು ಮಾರನೇ ದಿನ ಇನ್ನೊಂದು ಲೋಡ್ ಎಳೆಸಿ. ಅಷ್ಟಕ್ಕೂ ತಳದಲ್ಲಿ ಒಂದೆರಡು ಇಂಚು ಹೂಳು ಉಳಿದ್ರೆ ಒಳ್ಳೇದೇ, ಅದ್ರಲ್ಲಿರೋ ಬ್ಯಾಕ್ಟೀರಿಯಾ ಮುಂದಿನ ಸಲದ ಕೊಳೆಯೋ ಕೆಲ್ಸ ಶುರು ಮಾಡೋದು. ಅಂಗಳ ತೊಳೆದಂಗೆ ಪಳಪಳ ಅನ್ನೋ ಸೆಪ್ಟಿಕ್ ಟ್ಯಾಂಕು ಯಾರಿಗೂ ಬೇಕಾಗಿಲ್ಲ.

ಹೆಲ್ಪರ್ ಹುಡುಗನ ಕೈ ಒಂದ್ಸಲ ನೋಡಿ. ಪೈಪಿನ ಬಾಯಿಗೆ ಪ್ಯಾಡು, ಡೈಪರು, ಬಟ್ಟೆ ಚೂರು ಸಿಕ್ಕಾಕ್ಕೊಂಡು ಎಳೆಯೋದು ನಿಂತಾಗ ಅವನು ಬರಿಗೈಯಲ್ಲಿ ಕಿತ್ತು ಕಿತ್ತು ಪಕ್ಕಕ್ಕೆ ಒಗೀತಾನೆ, ಪೈಪ್ ಕಪ್ಲಿಂಗ್ ಬಿಚ್ಚೋವಾಗ ಮುಖಕ್ಕೆ ಸಿಡಿಯುತ್ತೆ, ತೋಳಲ್ಲಿ ಒರೆಸ್ಕೊಂಡು ಮುಂದುವರಿಸ್ತಾನೆ. ಇಲಿ ಜ್ವರ, ಕಾಮಾಲೆ, ಟೈಫಾಯ್ಡು, ಚರ್ಮದ ಕಜ್ಜಿ ಎಲ್ಲಾ ಬರೋದು ಹೀಗೇ, ಗುಂಡಿಗೆ ಇಳೀಲೇಬೇಕು ಅಂತೇನಿಲ್ಲ. ನಿಮ್ಮನೇಲಿ ಒಂದು ಜೊತೆ ದಪ್ಪ ರಬ್ಬರ್ ಗ್ಲೌಸ್ ತಂದಿಟ್ಟಿರಿ, ಕನ್ನಡಕ ಇದ್ರೆ ಇನ್ನೂ ಒಳ್ಳೇದು. ಕೆಲ್ಸ ಮುಗಿದ್ಮೇಲೆ ಹೊರಗಿನ ನಲ್ಲಿ, ಸೋಪು, ಬಕೆಟ್ಟು ಕೊಡಿ, ಕೈಕಾಲು ಮೊಣಕೈ ತನಕ ತೊಳ್ಕೊಂಡ್ಮೇಲೆನೇ ನೀರು ಟೀ. ಟೀ ನೀವು ಕುಡಿಯೋ ಲೋಟದಲ್ಲೇ ಕೊಡಿ ಅಂತ ಬೇರೆ ಹೇಳ್ಬೇಕಾ, ಹೇಳ್ಬೇಕು ಅನ್ಸುತ್ತೆ, ಪೇಪರ್ ಕಪ್ ಹುಡುಕೋರನ್ನ ನೋಡಿದೀನಿ.

ಹಂತ 6: ಅಪಾರ್ಟ್‌ಮೆಂಟ್ ಎಸ್‌ಟಿಪಿ ಇದ್ರೆ

ಇದು ಬೇರೆದೇ ಕಥೆ. ಇಲ್ಲಿ ಅಪಾಯಕ್ಕೆ ಸಿಕ್ಕಾಕ್ಕೊಳ್ಳೋನು ಅಲ್ಲೇ ಇರೋ ಆಪರೇಟರ್ ಹುಡುಗ, ಬಹುತೇಕ ಹೊರರಾಜ್ಯದವನು, ಎಷ್ಟೋ ಕಡೆ ಬೇಸ್‌ಮೆಂಟಿನ ಎಸ್‌ಟಿಪಿ ರೂಮಲ್ಲೇ ಮಲಗ್ತಾನೆ. ಅವನು ಟ್ಯಾಂಕಿಗೆ ಇಳಿಯೋ ಸಂದರ್ಭ ಮುಖ್ಯವಾಗಿ ಮೂರು: ಸಬ್‌ಮರ್ಸಿಬಲ್ ಪಂಪು ಕೆಟ್ಟಾಗ, ಬಾರ್ ಸ್ಕ್ರೀನ್ (ಕಸ ತಡೆಯೋ ಕಂಬಿ ಜಾಲರಿ) ಕಟ್ಕೊಂಡಾಗ, ಟ್ಯಾಂಕ್ ಹೂಳು ತೆಗೆಯೋವಾಗ. ಪಂಪಿಗೆ ನೈಲಾನ್ ಹಗ್ಗ ಕಟ್ಟಿರ್ತಾರೆ, ಅದು ಕಿತ್ತೋದ್ರೆ ಮುಗೀತು, "ಭಯ್ಯಾ, ಇಳಿದು ತೆಗೀತೀಯಾ" ಶುರು. ಸ್ಟೇನ್‌ಲೆಸ್ ಸ್ಟೀಲ್ ಚೈನು, ಪಂಪು ಜಾರಿಕೊಂಡು ಮೇಲೆ ಬರೋಕೆ ಗೈಡ್ ರೈಲು ಹಾಕ್ಸಿ, ಮೇಲೊಂದು ಚೈನ್ ಪುಲ್ಲಿ ಹಾಕ್ಸಿ, ಮೇಂಟೆನೆನ್ಸ್ ಬಜೆಟ್ಟಲ್ಲಿ ಗಾರ್ಡನ್ ಲೈಟಿಗಿಂತ ಮುಂಚೆ ಇದು ಬರ್ಲಿ. ಸ್ಟ್ಯಾಂಡ್‌ಬೈ ಪಂಪ್ ಇಟ್ರೆ ಒಂದು ಕೆಟ್ರೂ ರಾತ್ರೋರಾತ್ರಿ ರಿಪೇರಿ ಮಾಡೋ ಒತ್ತಡ ಇರಲ್ಲ. ಸ್ಕ್ರೀನು ಮೇಲಿಂದಾನೇ ಉದ್ದ ಹಿಡಿಯ ರೇಕಲ್ಲಿ ಬಾಚೋ ಹಾಗಿರ್ಲಿ. ಕರೆಂಟ್ ಬಿಲ್ ಉಳಿಸೋಕೆ ಬ್ಲೋವರ್ (ಟ್ಯಾಂಕಿನ ನೀರಿಗೆ ಗಾಳಿ ಊದೋ ಮಷಿನ್) ಆಫ್ ಮಾಡಿಡೋ ಅಭ್ಯಾಸ ಬಿಡಿ, ಗಾಳಿ ನಿಂತ್ರೆ ನೀರು ಕೊಳೆತು ಅದೇ ಗ್ಯಾಸು ಹುಟ್ಟುತ್ತೆ, ಬೇಸ್‌ಮೆಂಟಾದ್ರೆ ಹೊರಗೆ ಹೋಗೋಕೆ ದಾರಿನೂ ಇರಲ್ಲ, ಎಕ್ಸಾಸ್ಟ್ ಫ್ಯಾನು ಯಾವಾಗ್ಲೂ ಓಡ್ತಿರ್ಬೇಕು. ನಾಲ್ಕು ಗ್ಯಾಸ್ ಅಳೆಯೋ ಡಿಟೆಕ್ಟರ್ ಒಂದು ತಗೊಳ್ಳಿ, ಆಕ್ಸಿಜನ್ 19.5 ಪರ್ಸೆಂಟಿಗಿಂತ ಕೆಳಗೆ ಹೋದ್ರೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದ್ರೆ ಎಲ್ರೂ ರೂಮಿಂದ ಆಚೆ.

ಏಜೆನ್ಸಿ ಅಗ್ರಿಮೆಂಟಲ್ಲಿ "ಯಾರನ್ನೂ ಟ್ಯಾಂಕಿಗೆ ಇಳಿಸುವಂತಿಲ್ಲ" ಅಂತ ಸೇರಿಸಿ, ಆಪರೇಟರ್ ಹೆಸರಲ್ಲಿ ಇಎಸ್‌ಐ, ಪಿಎಫ್ ಕಟ್ತಿದಾರಾ ಅಂತ ತಿಂಗಳ ಚಲನ್ ಕೇಳಿ. ಆದ್ರೆ ಅಗ್ರಿಮೆಂಟ್ ಇದೆ ಅಂತ ನಿಮ್ಮ ಜವಾಬ್ದಾರಿ ಮುಗೀತು ಅನ್ಕೋಬೇಡಿ, "ಪರೋಕ್ಷವಾಗಿ" ಅಂತ ಕಾಯ್ದೇಲಿ ಇರೋದು ಇದಕ್ಕೇ.

ಏನಾದ್ರೂ ಆಗೋದ್ರೆ

ಯಾರಾದ್ರೂ ಒಳಗೆ ಕುಸಿದು ಬಿದ್ರೆ ಇನ್ನೊಬ್ಬ ಇಳೀಲೇಬಾರ್ದು. ಅಣ್ಣ ಬಿದ್ದ ಅಂತ ತಮ್ಮ, ತಮ್ಮ ಬಿದ್ದ ಅಂತ ಓನರ್ ಮಗ, ಹೀಗೆ ಒಂದೇ ಗುಂಡೀಲಿ ಮೂರು ನಾಲ್ಕು ಜನ ಹೋಗಿರೋ ಘಟನೆಗಳು ಇದಕ್ಕೇ ಆಗೋದು. ಕಷ್ಟ, ಕಣ್ಣೆದುರು ಮನುಷ್ಯ ಬಿದ್ದಿರ್ತಾನೆ, ಆದ್ರೂ ಇಳಿಯೋರನ್ನ ಹಿಡ್ಕೊಳ್ಳಿ. 112ಕ್ಕೆ ಫೋನ್ ಮಾಡಿ ಗ್ಯಾಸ್ ಗುಂಡಿ, ಫೈರ್ ಎಂಜಿನ್ ಬೇಕು ಅಂತ ಸ್ಪಷ್ಟವಾಗಿ ಹೇಳಿ, ಅವ್ರ ಹತ್ರ ಉಸಿರಾಟದ ಸಿಲಿಂಡರ್ ಇರುತ್ತೆ. 108ಕ್ಕೆ ಆಕ್ಸಿಜನ್ ಬೇಕು ಅನ್ನಿ. ಅಷ್ಟರಲ್ಲಿ ಎಲ್ಲಾ ಮುಚ್ಚಳ ತೆಗೆದು ಬ್ಲೋವರ್ ಇದ್ರೆ ದೂರದಲ್ಲಿ ಆನ್ ಮಾಡಿ ಅದ್ರ ಪೈಪಿಂದ ಹೊರಗಿನ ಗಾಳಿ ಒಳಗೆ ತಳ್ಳಿ. ಪ್ರಜ್ಞೆ ಇದ್ರೆ ಹಗ್ಗ ಎಸೀರಿ. ಮೇಲೆ ತಂದ್ಮೇಲೆ ಬಯಲಲ್ಲಿ ಮಲಗಿಸಿ ಒದ್ದೆ ಬಟ್ಟೆ ತೆಗೆದು, ಉಸಿರಿಲ್ಲ ಅಂದ್ರೆ ಎದೆ ಒತ್ತೋದು ಶುರು ಮಾಡಿ.

ಜೀವ ಹೋಗಿದ್ರೆ "ಕೂತು ಮಾತಾಡ್ಕೊಳ್ಳೋಣ, ಕೇಸ್ ಬೇಡ" ಅಂತ ಊರ ಹಿರೀಕರು ಬರ್ತಾರೆ. ಎಫ್‌ಐಆರಲ್ಲಿ 2013ರ ಕಾಯ್ದೆ ಸೆಕ್ಷನ್ ಬೀಳ್ಲಿಲ್ಲ ಅಂದ್ರೆ ಆ 30 ಲಕ್ಷಕ್ಕೆ ಕುಟುಂಬ ವರ್ಷಗಟ್ಲೆ ಅಲೀಬೇಕಾಗುತ್ತೆ. ಪೊಲೀಸ್ ಸ್ಟೇಷನ್ನಲ್ಲಿ ಆಗ್ಲಿಲ್ಲಾಂದ್ರೆ ಡಿಸಿ ಆಫೀಸು, ರಾಜ್ಯ ಸಫಾಯಿ ಕರ್ಮಚಾರಿಗಳ ಆಯೋಗ ಇದೆ.

ಬೀದಿ ಮ್ಯಾನ್‌ಹೋಲ್ ಉಕ್ಕಿದ್ರೆ

ಬೆಂಗಳೂರಾದ್ರೆ ಜಲಮಂಡಳಿ 1916, ಬೇರೆ ಊರಲ್ಲಿ ನಗರಸಭೆ. ಮೂರು ದಿನ ಆದ್ರೂ ಬರ್ಲಿಲ್ಲ ಅಂತ ಬೀದಿಯವ್ರೆಲ್ಲಾ ದುಡ್ಡು ಹಾಕಿ ಪ್ರೈವೇಟಾಗಿ ಇಬ್ಬರನ್ನ ಕರೆಸಿ ಇಳಿಸೋದು ನಡೆಯುತ್ತೆ, ಆ ಚಂದಾಗೆ ಒಂದು ರೂಪಾಯಿನೂ ಕೊಡ್ಬೇಡಿ, ಆ ಸಿಟ್ಟನ್ನ ನಿಮ್ಮ ಏರಿಯಾ ಎಂಜಿನಿಯರ್ (ಎಇಇ) ಫೋನಿಗೆ ಹಾಕಿ. ಯಾರನ್ನಾದ್ರೂ ಇಳಿಸ್ತಿರೋದು ಕಣ್ಣಿಗೆ ಬಿದ್ರೆ ಮೊದ್ಲು ನಿಲ್ಲಿಸಿ, ಜಾಗ, ಟೈಮು, ಗಾಡಿ ನಂಬರು, ಅಲ್ಲಿ ನಿಂತು ಮಾಡಿಸ್ತಿರೋರು ಯಾರು ಅಂತ ಬರ್ಕೊಂಡು ಕಂಪ್ಲೇಂಟ್ ಕೊಡಿ. ವಿಡಿಯೋ ಮಾಡಿದ್ರೆ ಇಳಿದವನ ಮುಖ ಬಿಟ್ಟು ಮಾಡಿ, ಗ್ರೂಪಿಗೆ ಹಾಕೋ ಮುಂಚೆ ಪೊಲೀಸರಿಗೆ ಕೊಡಿ. ವಿಡಿಯೋ ವೈರಲ್ ಆದ್ರೆ ಕಂಟ್ರಾಕ್ಟರ್ ಮಾರನೇ ದಿನ ಕೆಲ್ಸದಿಂದ ತೆಗೆಯೋದು ಆ ಹುಡುಗನ್ನೇ.